ಹಳೆ ಬೋಟಿನ ಗುರುತಿಲ್ಲದ ವಯರುಗಳು: ನಮ್ಮ ಬಂದರಿನ ಬರೆಯದ ಇತಿಹಾಸ

ಬೆಳ್ಳಿಹಬ್ಬದ ಸಂಚಿಕೆ ಎಂದ ಮೇಲೆ ಸಂಘದ ಇತಿಹಾಸ ಇರಲೇಬೇಕು. ಸಂಘ ನೋಂದಣಿಯಾದದ್ದು, ಮೊದಲ ಆಡಳಿತ ಮಂಡಳಿ, ಪಾಲು ಬಂಡವಾಳ, ಡಿವಿಡೆಂಡು, ಕಟ್ಟಡದ ಶಂಕುಸ್ಥಾಪನೆ ಇವೆಲ್ಲ ಕಾರ್ಯದರ್ಶಿಯವರ ವರದಿಯಲ್ಲಿ ಕ್ರಮವಾಗಿ ಬಂದಿವೆ. ಅದನ್ನೇ ಮತ್ತೊಮ್ಮೆ ಬರೆದು ಸದಸ್ಯ ಬಾಂಧವರ ಸಮಯ ಹಾಳು ಮಾಡುವ ಇರಾದೆ ನಮಗಿಲ್ಲ. ನಾವು ಇಲ್ಲಿ ಹೇಳಹೊರಟಿರುವುದು ಯಾವ ನಡವಳಿ ಪುಸ್ತಕದಲ್ಲೂ ಇಲ್ಲದ ಇತಿಹಾಸ. ಅದು ನಮಗೆ ಸಿಕ್ಕಿದ್ದು ಒಂದು ಹಳೆ ಬೋಟಿನ ಕ್ಯಾಬಿನ್ನಿನ ಹಲಗೆಯ ಹಿಂದೆ, ಉಪ್ಪು ಹಿಡಿದ ವಯರುಗಳ ಒಂದು ಗಂಟಿನಲ್ಲಿ. ಆ ಗಂಟು ಬಿಡಿಸುವಷ್ಟರಲ್ಲಿ ಸಂಘದ ಸಾಲದ ಬೋಟು ಒಮ್ಮೆ ಮುಳುಗುವುದರಲ್ಲಿತ್ತು, ಇನ್ನೊಮ್ಮೆ ಒಂದು ಜೀವ ಹೋಗುವುದರಲ್ಲಿತ್ತು. ಹಾಗಾಗಿ ಇದು ಬರೀ ಹಳೆ ಕತೆ ಅಲ್ಲ, ಎಲ್ಲರೂ ಓದಬೇಕಾದ್ದು ಎಂದು ನಮ್ಮ ಭಾವನೆ.

ಕತ್ತರಿಸಿದ ಕೆಂಪು ವಯರು

2019ರ ಮೇ ತಿಂಗಳ ಕೊನೆಗೆ ನಮ್ಮ ನಾಲ್ವರು ಸದಸ್ಯರು ಕೂಡಿ, ಸಂಘದಿಂದ ಸಾಲ ಪಡೆದು, ಬೇರೆ ಬಂದರಿನಿಂದ ಒಂದು ಸೆಕೆಂಡ್ ಹ್ಯಾಂಡ್ ಮರದ ಬೋಟು ತಂದರು. ಆಗ ಕರಾವಳಿಯ ಎಲ್ಲರ ಮನಸ್ಸೂ ಭಾರವಾಗಿತ್ತು. 2018ರ ಡಿಸೆಂಬರಿನಲ್ಲಿ ಏಳು ಮಂದಿಯೊಂದಿಗೆ ಕಾಣೆಯಾದ ಮಲ್ಪೆಯ 'ಸುವರ್ಣ ತ್ರಿಭುಜ' ಬೋಟಿನ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಸಮುದ್ರದ ತಳದಲ್ಲಿ ಸಿಕ್ಕಿದೆ ಎಂಬ ಸುದ್ದಿ ಅದೇ ಮೇ ತಿಂಗಳಲ್ಲಿ ಬಂದಿತ್ತು. ಬೋಟು ಕೊಳ್ಳುವವರ ಮನೆಯ ಹೆಂಗಸರು ಕೇಳಿದ ಮೊದಲ ಪ್ರಶ್ನೆ ರೇಟಿನದ್ದಲ್ಲ, "ವಯರ್ಲೆಸ್ ಸರಿ ಉಂಟಾ?" ಎಂಬುದು.

ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಬೋಟುಗಳು ಕಡಲಿಗೆ ಹೋಗುವಂತಿಲ್ಲವಷ್ಟೆ. ಆ ರಜೆಯಲ್ಲಿ ಬೋಟಿನ ಕೆಲಸ ಮುಗಿಸುವುದೆಂದು ತೀರ್ಮಾನವಾಯಿತು. ಸ್ಟೇರಿಂಗ್ ಪಕ್ಕದ ಹಲಗೆ ಕಳಚಿದಾಗ ಒಳಗೆ ಹಾವಿನ ಮರಿಗಳ ಹಾಗೆ ಸುತ್ತಿಕೊಂಡ ವಯರುಗಳು ಕಂಡವು. ಎಣಿಸಿದರೆ 41. ಅದರಲ್ಲಿ ಸ್ವಿಚ್ಚು ಹಾಕಿದರೆ ಕೆಲಸ ಮಾಡುವುದು, ಯಾವುದು ಎಂದು ಹೇಳಬಹುದಾದ್ದು 12 ಮಾತ್ರ. ಉಳಿದ 29ಕ್ಕೆ ಹೆಸರಿಲ್ಲ, ಗುರುತಿಲ್ಲ. ಮಾರಿದವರಿಗೆ ಫೋನ್ ಮಾಡಿದರೆ, "ಅದೆಲ್ಲ ನಮ್ಗಿಂತ ಮೊದ್ಲಿನವ್ರು ಹಾಕಿದ್ದು ಮಾರಾಯ್ರೆ, ನಾವು ಮುಟ್ಲಿಲ್ಲ" ಎಂಬ ಉತ್ತರ.

ನಮ್ಮ ಹುಡುಗರಿಗೆ ತಾಳ್ಮೆ ಎಲ್ಲಿದೆ? "ಉರಿಯದ ವಯರು ಎಂತಕ್ಕೆ? ಕತ್ತರಿಸಿ ಬಿಸಾಡುವ" ಎಂದು ಒಬ್ಬ ಕಟಿಂಗ್ ಪ್ಲೇಯರ್ ಹಿಡಿದೇಬಿಟ್ಟ. ಮೊದಲು ಸಿಕ್ಕಿದ್ದು ಒಂದು ಸಾಧಾರಣ ಕೆಂಪು ವಯರು. ಯಾವ ಸ್ವಿಚ್ಚಿಗೂ ಹೋಗದೆ ನೇರ ಬ್ಯಾಟರಿಯಿಂದ ಬಂದು ಹಲಗೆಯ ಅಡಿಗೆ ಇಳಿದಿತ್ತು. ಕತ್ತರಿಸಿದರು. ಏನೂ ಆಗಲಿಲ್ಲ. ಸಂಜೆ ಎಲ್ಲರೂ ಮನೆಗೆ ಹೋದರು. ರಾತ್ರಿ ಜೋರು ಮಳೆ.

ಬೆಳಿಗ್ಗೆ ದಕ್ಕೆಗೆ ಬಂದು ಕಂಡರೆ ಬೋಟು ಹಿಂದಕ್ಕೆ ಕೂತಿತ್ತು. ಇಂಜಿನ್ ಕೋಣೆಯಲ್ಲಿ ನೀರು ಗೇರ್ ಬಾಕ್ಸಿನ ತನಕ ಏರಿತ್ತು. ಪಕ್ಕದ ಬೋಟಿನ ಪಂಪು ತಂದು, ಬಕೆಟಿನಲ್ಲಿ ಮೊಗೆದು, ಮಧ್ಯಾಹ್ನದ ಹೊತ್ತಿಗೆ ನೀರು ಖಾಲಿಯಾಯಿತು. ಇನ್ನೆರಡು ಗಂಟೆ ತಡವಾಗಿದ್ದರೆ ಸಂಘದ ಸಾಲ ದಕ್ಕೆಯ ಬುಡದಲ್ಲೇ ಮುಳುಗುತ್ತಿತ್ತು.

ಆ ಕೆಂಪು ವಯರು ಹೋಗುತ್ತಿದ್ದದ್ದು ಬೋಟಿನ ತಳದ ಪಂಪಿಗೆ. ಮನೆಯ ನೀರಿನ ಟ್ಯಾಂಕಿಯಲ್ಲಿರುವಂತೆ ಒಂದು ಫ್ಲೋಟ್ ಸ್ವಿಚ್ಚು ಅಲ್ಲಿದ್ದು, ನೀರು ಏರಿದಾಗ ತಾನಾಗಿ ಪಂಪು ಓಡಿಸುತ್ತಿತ್ತು. ಮರದ ಬೋಟಿಗೆ ಶಾಫ್ಟ್ ಹೊರಗೆ ಹೋಗುವ ಜಾಗದಲ್ಲಿ ಸ್ವಲ್ಪ ನೀರು ತೊಟ್ಟಿಕ್ಕುವುದು ಸಹಜ, ಮೇಲಿಂದ ಮಳೆ ನೀರು ಬೇರೆ. ಬೋಟಿನಲ್ಲಿ ಯಾರೂ ಇಲ್ಲದಾಗ, ಮೇನ್ ಸ್ವಿಚ್ಚು ಬಂದ್ ಇದ್ದಾಗಲೂ ಕೆಲಸ ಮಾಡಲಿ ಎಂದೇ ಹಿಂದಿನವರು ಯಾರೋ ಅದನ್ನು ನೇರ ಬ್ಯಾಟರಿಗೆ ಕೊಟ್ಟಿದ್ದರು. ಬುದ್ಧಿವಂತಿಕೆಯ ಕೆಲಸವೇ. ಆದರೆ ಒಂದು ಚೀಟಿ ಅಂಟಿಸಿರಲಿಲ್ಲ.

ಅಂದು ನಾವು ನಮ್ಮೂರಿನ ಹಳೆಯ ವಯರ್‌ಮನ್ ಒಬ್ಬರನ್ನು ಕರೆಸಿದೆವು. ಅವರು ಗಂಟನ್ನು ಬಹಳ ಹೊತ್ತು ನೋಡಿ, "ಹೋಯ್, ಪ್ಲೇಯರ್ ಬದಿಗೆ ಇಡಿ ಕಾಂಬ. ಗೊತ್ತಿಲ್ಲದ ವಯರು ಕತ್ತರ್ಸೂಕಾಗ. ಅದು ಸತ್ತದ್ದಲ್ಲ, ಎಲ್ಲಿಗೆ ಹೋತ್ತ್ ಅಂದೇಳಿ ನಮ್ಗೆ ಗೊತ್ತಿಲ್ಲ, ಅಷ್ಟೇ" ಎಂದರು. ಮುಂದಿನ ಮೂರು ವಾರ ಅವರ ಜೊತೆ ಕೂತು ಒಂದೊಂದೇ ವಯರನ್ನು ಹುಡುಕಿದೆವು. ಹುಡುಕುತ್ತಾ ಹೋದಂತೆ ನಮ್ಮ ಕರಾವಳಿಯ ಮೀನುಗಾರಿಕೆ ನಡೆದುಬಂದ ದಾರಿಯೇ ಒಂದೊಂದಾಗಿ ಕೈಗೆ ಬಂತು.

ವಯರೇ ಇಲ್ಲದ ಕಾಲ

ನಮ್ಮ ಅಜ್ಜಂದಿರ ದೋಣಿಯಲ್ಲಿ ವಯರು ಎಂಬ ವಸ್ತುವೇ ಇರಲಿಲ್ಲ. ಹುಟ್ಟು, ಹಾಯಿ, ರಾತ್ರಿಗೆ ಒಂದು ಲಾಟೀನು. ದಡದಲ್ಲಿ ಹತ್ತಾರು ಜನ ಸಾಲಾಗಿ ನಿಂತು ರಂಪಣಿ ಎಳೆಯುವುದು, ಸಿಕ್ಕಿದ್ದನ್ನು ಪಾಲು ಹಾಕಿಕೊಳ್ಳುವುದು. ಸಹಕಾರ ಎಂಬ ಮಾತು ಕಾನೂನಿನ ಪುಸ್ತಕಕ್ಕೆ ಬರುವ ಮೊದಲೇ ಮರಳಿನ ಮೇಲೆ ಇತ್ತು ಎಂದರೆ ತಪ್ಪಲ್ಲ.

ಯಂತ್ರದ ಗಾಳಿ ಬೀಸಿದ್ದು ದಕ್ಷಿಣದಿಂದ. 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆಯ ನಡುವೆ ಒಪ್ಪಂದವಾಗಿ, ಕೇರಳದ ಕೊಲ್ಲಂ ಬಳಿಯ ನೀಂಡಕರದಲ್ಲಿ ಇಂಡೋ-ನಾರ್ವೇಜಿಯನ್ ಯೋಜನೆ ಶುರುವಾಯಿತು. ದೋಣಿಗೆ ಡೀಸೆಲ್ ಇಂಜಿನ್ ಕೂರಿಸುವುದು, ಮಂಜುಗಡ್ಡೆಯಲ್ಲಿ ಮೀನು ಇಡುವುದು ಅಲ್ಲಿ ಪ್ರಯೋಗವಾಯಿತು. ಇತ್ತ 1956ರ ನವೆಂಬರ್ 1ರಂದು ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಮುಂಬಯಿಗೆ ಸೇರಿದ್ದ ಉತ್ತರ ಕನ್ನಡ ಎರಡೂ ಹೊಸ ಮೈಸೂರು ರಾಜ್ಯಕ್ಕೆ ಬಂದವು. 1950ರ ದಶಕದ ಕೊನೆಗೆ ನಮ್ಮ ಕಡಲಿನಲ್ಲೂ ಇಂಜಿನ್ ಬೋಟುಗಳ ಸದ್ದು ಕೇಳತೊಡಗಿತು. 1960ರ ದಶಕದಲ್ಲಿ ಸಿಗಡಿಗಾಗಿ ಟ್ರಾಲ್ ಬೋಟುಗಳು ಬಂದವು.

ಅಂದಿನ ಚಿಕ್ಕ ಇಂಜಿನ್‌ಗಳನ್ನು ಕೈಯಿಂದ ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡುವುದಿತ್ತು. ಬ್ಯಾಟರಿ ಬೇಡ, ದೀಪಕ್ಕೆ ಸೀಮೆಎಣ್ಣೆ ಸಾಕು. ಹಡಗಿನ ಮೇಲೆ ಎಡಿಸನ್ನನ ಬಲ್ಬು 1880ರಲ್ಲೇ ಅಮೆರಿಕದ 'ಕೊಲಂಬಿಯಾ' ಹಡಗಿನಲ್ಲಿ ಉರಿದಿತ್ತು. ಆದರೆ ಅದು ನಮ್ಮ ಬೋಟಿನ ಕ್ಯಾಬಿನ್ನಿಗೆ ಬರಲು ಸುಮಾರು ನೂರು ವರ್ಷ ಹಿಡಿಯಿತು.

ಎರಡು ಬ್ಯಾಟರಿಗಳ ನಡುವಿನ ಕಳ್ಳ

ಇಂಜಿನ್ ದೊಡ್ಡದಾದಂತೆ ಕೈಯಿಂದ ತಿರುಗಿಸುವುದು ಅಸಾಧ್ಯವಾಯಿತು. ಸೆಲ್ಫ್ ಸ್ಟಾರ್ಟ್ ಬಂತು, ಅದರೊಂದಿಗೆ ಬ್ಯಾಟರಿ, ಡೈನಮೋ. ಬೋಟಿನ ವಯರಿಂಗಿನ ಇತಿಹಾಸ ಶುರುವಾಗುವುದು ಇಲ್ಲಿಂದ. ಹೆಬ್ಬೆರಳಿನಷ್ಟು ದಪ್ಪದ ವಯರು ಕಂಡರೆ ಅದು ಸ್ಟಾರ್ಟರಿನದ್ದು, ಅದರಲ್ಲಿ ಯಾರಿಗೂ ಸಂಶಯ ಇಲ್ಲ.

ನಮ್ಮ ಬೋಟಿನಲ್ಲಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟು ಮಾಡಿದ್ದರು. ದೊಡ್ಡ ಇಂಜಿನ್‌ಗೆ ಇದು ರೂಢಿ. ಆದರೆ ಎರಡು ಬ್ಯಾಟರಿಗಳು ಸೇರುವ ನಡುವಿನ ಕೊಂಡಿಯಿಂದ ಒಂದು ತೆಳ್ಳಗಿನ ನೀಲಿ ವಯರು ಹೊರಟಿತ್ತು. ಇದು ಯಾಕೆ? ಅದರ ಇನ್ನೊಂದು ತುದಿ ಹುಡುಕಿದಾಗ ವಯರ್ಲೆಸ್ ಸೆಟ್ಟು ಮತ್ತು ಹಳೆಯ ಟೇಪ್‌ರೆಕಾರ್ಡರ್ ಇಡುವ ಜಾಗ ಸಿಕ್ಕಿತು. ಅವೆರಡೂ 12 ವೋಲ್ಟಿನವು. 24 ವೋಲ್ಟು ಕೊಟ್ಟರೆ ಸುಟ್ಟುಹೋಗುತ್ತವೆ. ಹಾಗಾಗಿ ಯಾರೋ ಸುಲಭದ ಉಪಾಯವಾಗಿ ಒಂದೇ ಬ್ಯಾಟರಿಯಿಂದ 12 ವೋಲ್ಟು ಕದ್ದಿದ್ದರು.

ಇದರಿಂದ ಏನಾಗುತ್ತದೆ ಎಂದು ಸದಸ್ಯರು ಗಮನಿಸಬೇಕು. ಒಂದು ಬ್ಯಾಟರಿ ಎರಡು ಕೆಲಸ ಮಾಡುತ್ತದೆ, ಇನ್ನೊಂದು ಒಂದೇ ಕೆಲಸ. ಚಾರ್ಜ್ ಆಗುವಾಗ ಮಾತ್ರ ಎರಡಕ್ಕೂ ಒಂದೇ ಲೆಕ್ಕ. ದುಡಿದದ್ದು ಎಂದೂ ಪೂರ್ತಿ ತುಂಬುವುದಿಲ್ಲ, ದುಡಿಯದ್ದು ಹೆಚ್ಚು ಚಾರ್ಜಾಗಿ ಕುದಿಯುತ್ತದೆ. ಎರಡೂ ಬೇಗ ಸಾಯುತ್ತವೆ. ಬೋಟಿನ ಜೊತೆ ಬಂದ ಚೀಟಿಗಳ ಕಟ್ಟಿನಲ್ಲಿ ಬ್ಯಾಟರಿ ಬಿಲ್ಲುಗಳೇ ಜಾಸ್ತಿ ಇದ್ದದ್ದು ಯಾಕೆಂದು ಆಗ ಅರ್ಥವಾಯಿತು. ಪಾಪ, ಅವರು ಬ್ಯಾಟರಿಯನ್ನು ಬೈದಿರಬೇಕು. ನಾವು ಆ ವಯರು ತೆಗೆದು 24ರಿಂದ 12 ವೋಲ್ಟು ಮಾಡುವ ಒಂದು ಕನ್ವರ್ಟರ್ ಹಾಕಿದೆವು.

ಕಂಬದ ಕೆಂಪು ದೀಪ

ಕ್ಯಾಬಿನ್ನಿನ ಮೇಲಿನ ಕಂಬಕ್ಕೆ ಆರು ವಯರು ಹತ್ತಿದ್ದವು. ಎರಡು ಬಿಳಿ ದೀಪದ್ದೆಂದು ಗೊತ್ತಿತ್ತು. ಉಳಿದ ನಾಲ್ಕರಲ್ಲಿ ಎರಡು, ಬಿಳಿ ದೀಪದ ಮೇಲ್ಗಡೆ ಒಂದು ಒಡೆದ ಕೆಂಪು ಗಾಜಿನ ದೀಪಕ್ಕೆ ಹೋಗಿ ಮುಗಿದವು. ನಮ್ಮ ವಯರ್‌ಮನ್ ಅಣ್ಣ ನಕ್ಕು, "ಇದು ಹುಟ್ಟಿದ್ದು ಟ್ರಾಲ್ ಬೋಟಾಗಿ ಅಲ್ಲ" ಎಂದರು.

ಹೇಗೆ ಗೊತ್ತಾಯಿತು? ಸಮುದ್ರದಲ್ಲಿ ಡಿಕ್ಕಿ ತಪ್ಪಿಸಲು 1972ರಲ್ಲಿ ಅಂತರರಾಷ್ಟ್ರೀಯ ನಿಯಮಗಳಾದವು, 1977ರಿಂದ ಜಾರಿಗೆ ಬಂದವು. ಅದರ ಪ್ರಕಾರ ಟ್ರಾಲ್ ಎಳೆಯುವ ಬೋಟು ಮೇಲೆ ಹಸಿರು, ಕೆಳಗೆ ಬಿಳಿ ದೀಪ ಹಾಕಬೇಕು. ಟ್ರಾಲ್ ಅಲ್ಲದ ಬೇರೆ ರೀತಿಯ ಬಲೆಯಲ್ಲಿ ಮೀನು ಹಿಡಿಯುವ ಬೋಟು ಮೇಲೆ ಕೆಂಪು, ಕೆಳಗೆ ಬಿಳಿ ಹಾಕಬೇಕು. ದೂರದ ಹಡಗಿನವನಿಗೆ ಬಲೆ ಎಲ್ಲಿದೆ, ಹೇಗೆ ತಪ್ಪಿಸಬೇಕು ಎಂದು ತಿಳಿಯುವುದು ಈ ದೀಪಗಳಿಂದ. ನಮ್ಮದು ಮೊದಲಿಗೆ ಪರ್ಸೀನ್ ಬೋಟು ಆಗಿತ್ತು. ಆಮೇಲೆ ಟ್ರಾಲಿಗೆ ತಿರುಗಿಸಿದ್ದರು. ಕಾಗದ ಹೇಳದ್ದನ್ನು ಕಂಬದ ವಯರು ಹೇಳಿತು.

ಪರ್ಸೀನ್ ಎಂದರೆ ಹಿರಿಯರಿಗೆ ಇಂದಿಗೂ ಒಂದು ನಿಟ್ಟುಸಿರು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆ ನಮ್ಮ ಕರಾವಳಿಗೆ ಬಂದು, ಬಂಗುಡೆ, ಬೂತಾಯಿಯ ಹಿಂಡು ದಡಕ್ಕೆ ಬರುವ ಮೊದಲೇ ಸುತ್ತುಗಟ್ಟಿ ಎತ್ತತೊಡಗಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆಗೆ ಬಿತ್ತು. ಜಗಳಗಳಾದವು, ಸಭೆಗಳಾದವು. ಕೊನೆಗೆ 1986ರಲ್ಲಿ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಕಾಯಿದೆ ಬಂತು. ರಂಪಣಿ ಎಳೆದವರ ಮಕ್ಕಳೇ ಪರ್ಸೀನ್ ಬೋಟಿಗೆ ಕಲಾಸಿಗಳಾಗಿ ಹೋದರು. ಒಡೆದ ಆ ಕೆಂಪು ಗಾಜು ಕೈಯಲ್ಲಿ ಹಿಡಿದಾಗ ನಮ್ಮಲ್ಲಿ ಒಬ್ಬರು, "ಇದೇ ಬೋಟಿರಬಹುದಾ, ನಮ್ಮಪ್ಪ ಬೈಯುತ್ತಿದ್ದದ್ದು?" ಎಂದರು. ಯಾರೂ ನಗಲಿಲ್ಲ.

ಉಳಿದ ಎರಡು ವಯರು ಕಂಬದ ಬುಡದಲ್ಲೇ ಉಪ್ಪು ತಿಂದು ಹಸಿರಾಗಿ ತುಂಡಾಗಿದ್ದವು. ಅವನ್ನು ತೆಗೆದು, ಹೊಸ ವಯರು ಎಳೆದು ಹಸಿರು ದೀಪ ಹಾಕಿದೆವು.

ದನಿ, ಆಳ, ದಿಕ್ಕು

ಮೂರನೆಯ ವಾರ ಸಿಕ್ಕಿದ್ದು ಕಪ್ಪು ದುಂಡು ಕೇಬಲ್‌ಗಳು, ಒಟ್ಟು ನಾಲ್ಕು. ನೋಡಲು ಎಲ್ಲ ಒಂದೇ. ಮೊದಲನೆಯದು ವಯರ್ಲೆಸ್ಸಿನ ಏರಿಯಲ್ಲಿಗೆ ಹೋಗಿತ್ತು. ಎರಡನೆಯದೂ ಅದೇ ಎಂದುಕೊಂಡೆವು, ಆದರೆ ಅದರ ಮೈಮೇಲಿನ ಅಕ್ಷರ ಒರೆಸಿ ಓದಿದರೆ 75 ಓಮ್. ಅದು ಟಿ.ವಿ. ಕೇಬಲ್. ವಯರ್ಲೆಸ್ಸಿಗೆ ಬೇಕಾದ್ದು 50 ಓಮಿನದ್ದು. ವಾರಗಟ್ಟಲೆ ಕಡಲಿನಲ್ಲಿ ಇರುವ ಬೋಟಿನಲ್ಲಿ ಹುಡುಗರು ಟಿ.ವಿ. ಇಟ್ಟುಕೊಂಡಿದ್ದರು ಎಂದು ಆ ವಯರು ಹೇಳಿತು. ಎರಡನ್ನೂ ಅದಲು ಬದಲು ಮಾಡಿದರೆ ಸೆಟ್ಟು ಆನ್ ಆಗುತ್ತದೆ, ಆದರೆ ದನಿ ದೂರ ಹೋಗುವುದಿಲ್ಲ. ಸೆಟ್ಟು ಸರಿ ಇದೆ ಎಂದು ನಾವು ನಂಬಿರುತ್ತೇವೆ, ಕರೆದಾಗ ಯಾರಿಗೂ ಕೇಳಿಸುವುದಿಲ್ಲ.

ಸಮುದ್ರದಲ್ಲಿ ವಯರ್ಲೆಸ್ಸಿನ ಬೆಲೆ ಲೋಕಕ್ಕೆ ತಿಳಿದದ್ದು 1912ರಲ್ಲಿ 'ಟೈಟಾನಿಕ್' ಮುಳುಗಿದಾಗ. ಅದರ ಮುಂದಿನದೇ 1914ರ ಜೀವರಕ್ಷಣೆಯ ಅಂತರರಾಷ್ಟ್ರೀಯ ಒಪ್ಪಂದ. ಇಂದು ವಿ.ಎಚ್.ಎಫ್. ಸೆಟ್ಟಿನ 16ನೇ ಚಾನೆಲ್ ಆಪತ್ತಿನ ಕರೆಗೆ ಮೀಸಲು. ಅಲ್ಲಿ ಹರಟೆ ಹೊಡೆಯಬಾರದು ಎಂದು ಪ್ರತಿ ಸಭೆಯಲ್ಲೂ ಹೇಳುತ್ತೇವೆ, ಇಲ್ಲಿಯೂ ಹೇಳಿದ್ದೇವೆ.

ಮೂರನೆಯ ಕೇಬಲ್ ಬೋಟಿನ ತಳಕ್ಕೆ ಇಳಿದಿತ್ತು. ಅದು ಆಳ ಅಳೆಯುವ ಎಕೋ ಸೌಂಡರಿನದ್ದು. ತಳದಿಂದ ಶಬ್ದ ಕಳಿಸಿ, ಅದು ಮರಳಿ ಬರಲು ಹಿಡಿದ ಹೊತ್ತಿನಿಂದ ಆಳ ತಿಳಿಯುವ ಯಂತ್ರ. ಸೆಟ್ಟನ್ನು ಮಾರುವಾಗ ಬಿಚ್ಚಿಕೊಂಡು ಹೋಗಿದ್ದರು, ಕೇಬಲ್ ಮಾತ್ರ ಉಳಿದಿತ್ತು. ಇದನ್ನು ಸುಮ್ಮನೆ ಎಳೆದು ಕೀಳಬಾರದು. ತಳದ ತೂತಿಗೆ ಕೂರಿಸಿದ ಬಿಲ್ಲೆ ಸಡಿಲವಾದರೆ ನೀರು ಒಳಗೆ ಬರುತ್ತದೆ.

ನಾಲ್ಕನೆಯದು ಜಿ.ಪಿ.ಎಸ್.ನದ್ದು. ಅಮೆರಿಕದ ಈ ಉಪಗ್ರಹ ವ್ಯವಸ್ಥೆ ಪೂರ್ಣವಾಗಿ ಸಿದ್ಧವಾದದ್ದು 1995ರಲ್ಲಿ. ಮೊದಮೊದಲು ಸಾರ್ವಜನಿಕರಿಗೆ ಬೇಕೆಂದೇ ತಪ್ಪು ಸೇರಿಸಿ ಕೊಡುತ್ತಿದ್ದರು, ನೂರು ಮೀಟರ್ ಆಚೀಚೆ ತೋರಿಸುತ್ತಿತ್ತು. 2000ದ ಮೇ ತಿಂಗಳಲ್ಲಿ ಅದನ್ನು ನಿಲ್ಲಿಸಿದ ಮೇಲೆ ಹತ್ತು ಮೀಟರಿನ ಆಸುಪಾಸಿಗೆ ಬಂತು. ಗುಡ್ಡ, ದೇವಸ್ಥಾನದ ಗೋಪುರ, ತೆಂಗಿನ ಸಾಲು, ನಕ್ಷತ್ರ ಇವುಗಳ ಗುರುತಿನ ಮೇಲೆ ಅಳಿವೆ ಹುಡುಕುತ್ತಿದ್ದ ತಂಡೇಲರ ವಿದ್ಯೆ ಅಲ್ಲಿಂದ ಮುಂದೆ ಬೇಗ ಬೇಗ ಕರಗಿತು. ಅದನ್ನೂ ಯಾರೂ ಬರೆದಿಡಲಿಲ್ಲ.

ಬಲೆಯ ಅಡಿಯ ದಪ್ಪ ಕೇಬಲ್

ಈಗ ಹೇಳುವುದು ಎಲ್ಲಕ್ಕಿಂತ ಮುಖ್ಯ. ಇಂಜಿನ್ ಕೋಣೆಯಿಂದ ಹಿಂದುಗಡೆಗೆ ಒಂದು ದಪ್ಪ ಕೇಬಲ್ ಹೋಗಿತ್ತು. ಒಳಗೆ ನಾಲ್ಕು ಎಳೆ. ತುದಿಗೆ ಪ್ಲಾಸ್ಟಿಕ್ ಟೇಪು ಸುತ್ತಿ ಬಲೆಯ ರಾಶಿಯ ಅಡಿಗೆ ತುರುಕಿದ್ದರು. ಬ್ಯಾಟರಿಗೆ ಸಂಬಂಧ ಇಲ್ಲ. ಎಲ್ಲರೂ "ಸತ್ತದ್ದು" ಎಂದರು. ನಾವೂ ಹಾಗೇ ನಂಬಿದ್ದೆವು.

ಒಂದು ದಿನ ಬ್ಯಾಟರಿ ಚಾರ್ಜ್ ಮಾಡಲು ದಕ್ಕೆಯ ಶೆಡ್ಡಿನಿಂದ ಕರೆಂಟಿನ ವಯರು ಎಳೆದು ಬೋಟಿನ ಪ್ಲಗ್ಗಿಗೆ ಕೊಟ್ಟೆವು. ಹುಡುಗನೊಬ್ಬ ಬರಿಗಾಲಿನಲ್ಲಿ ಒದ್ದೆ ಹಲಗೆಯ ಮೇಲೆ ಬಲೆ ಸರಿಸಲು ಹೊರಟಿದ್ದ. ವಯರ್‌ಮನ್ ಅಣ್ಣ, "ನಿಲ್ಲು ಮಗಾ, ಮುಟ್ಟಬೇಡ" ಎಂದು ಕೂಗಿ, ಮೀಟರಿನ ಎರಡು ಕಡ್ಡಿಗಳನ್ನು ಆ ಕೇಬಲಿನ ತುದಿಗೆ ಇಟ್ಟರು. 230 ವೋಲ್ಟು. ಹುಡುಗ ಹಾಗೇ ಕೂತುಬಿಟ್ಟ. ನಮ್ಮ ಬಾಯಿಯೂ ಒಣಗಿತು.

ಆದದ್ದು ಇಷ್ಟು. ಆ ಬೋಟಿನಲ್ಲಿ ಹಿಂದೆ ಜನರೇಟರ್ ಇಟ್ಟು ಬೆಳಕಿನ ಮೀನುಗಾರಿಕೆ ಮಾಡಿದ್ದರು. ರಾತ್ರಿ ಪ್ರಖರ ದೀಪ ಹಾಕಿ ಮೀನನ್ನು ಒಂದೆಡೆ ಸೇರಿಸಿ ಸುತ್ತುಗಟ್ಟುವ ಪದ್ಧತಿ. 2017ರ ನವೆಂಬರಿನಲ್ಲಿ ಕೇಂದ್ರ ಸರಕಾರ ಎಲ್.ಇ.ಡಿ. ಮುಂತಾದ ದೀಪ ಬಳಸಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಆಮೇಲೆ ಯಾರೋ ಜನರೇಟರ್ ಎತ್ತಿದರು, ದೀಪ ಬಿಚ್ಚಿದರು. ಜನರೇಟರೋ ದಡದ ಕರೆಂಟೋ ಎಂದು ಬದಲಾಯಿಸುವ ಸ್ವಿಚ್ಚನ್ನೂ ಬಿಚ್ಚಿ, ಎಲ್ಲ ವಯರನ್ನು ಒಂದೇ ಡಬ್ಬಿಯಲ್ಲಿ ಗಂಟು ಹಾಕಿದರು. ದಡದ ಕರೆಂಟು ಕೊಟ್ಟ ಕ್ಷಣ ಬಲೆಯ ಅಡಿಯ ತುದಿಗೂ ಕರೆಂಟು ಬರುತ್ತಿತ್ತು. ನಿಷೇಧ ಬಂದು ಧಂದೆ ನಿಂತರೂ ಅದರ ವಯರು ಬೋಟಿನಲ್ಲಿ ಹಾಗೇ ಜೀವಂತವಾಗಿ ಕೂತಿತ್ತು.

ಬಣ್ಣ ನೋಡಿ ನಂಬುವವರಿಗೆ ಇನ್ನೊಂದು ಮಾತು. ಬ್ಯಾಟರಿ ವಯರಿಂಗಿನಲ್ಲಿ ಕೆಂಪು ಪ್ಲಸ್, ಕಪ್ಪು ಮೈನಸ್. ಮನೆಯ ವಯರಿಂಗಿನ ರೂಢಿಯಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್. ಒಂದೇ ಬೋಟಿನಲ್ಲಿ ಎರಡೂ ಇದ್ದರೆ ಕೆಂಪು ವಯರು 12 ವೋಲ್ಟಿನದ್ದೂ ಆಗಬಹುದು, 230 ವೋಲ್ಟಿನದ್ದೂ ಆಗಬಹುದು. ಅದರ ಮೇಲೆ, ಪೇಟೆಯಲ್ಲಿ ಆ ದಿನ ಯಾವ ಬಣ್ಣದ ಸುರುಳಿ ಸಿಕ್ಕಿತೋ ಅದನ್ನು ಹಾಕುವುದು ನಮ್ಮ ಪದ್ಧತಿ. ಆದ್ದರಿಂದ ಬಣ್ಣ ಸಾಕ್ಷಿಯಲ್ಲ, ಮೀಟರು ಸಾಕ್ಷಿ.

ಎಲ್ಲಿಗೂ ಹೋಗದ ಹಸಿರು ವಯರು

ಇಂಜಿನ್ನಿನಿಂದ ಚುಕ್ಕಾಣಿಯ ಕಡೆಗೆ ಒಂದು ದಪ್ಪ ಹಸಿರು ವಯರು ಹೋಗಿ ನಡುವೆ ತುಂಡಾಗಿತ್ತು. ಅದರಲ್ಲಿ ಯಾವ ವೋಲ್ಟೂ ಇಲ್ಲ. ಇದು ದೀಪಕ್ಕಲ್ಲ, ಲೋಹದ ರಕ್ಷಣೆಗೆ. ಉಪ್ಪುನೀರಿನಲ್ಲಿ ಬೇರೆ ಬೇರೆ ಲೋಹಗಳು ಸೇರಿದರೆ ಅದೇ ಒಂದು ಬ್ಯಾಟರಿಯಂತಾಗಿ, ಒಂದು ಲೋಹ ಇನ್ನೊಂದನ್ನು ತಿನ್ನುತ್ತದೆ. 1824ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಹಂಫ್ರಿ ಡೇವಿ, ಹಡಗಿನ ತಾಮ್ರದ ಹೊದಿಕೆಗೆ ಸತು ಅಥವಾ ಕಬ್ಬಿಣದ ತುಂಡು ಜೋಡಿಸಿದರೆ ಆ ತುಂಡು ಸವೆದು ತಾಮ್ರ ಉಳಿಯುತ್ತದೆ ಎಂದು ತೋರಿಸಿಕೊಟ್ಟ. ನಮ್ಮ ಬೋಟುಗಳ ಅಡಿಗೆ ಹಾಕುವ ಸತುವಿನ ಗಟ್ಟಿಯ ಮೂಲ ಅದೇ. ಚುಕ್ಕಾಣಿಯನ್ನು ಸತುವಿಗೆ ಸೇರಿಸುವ ವಯರನ್ನು ಯಾರೋ "ಎಲ್ಲಿಗೂ ಹೋಗದ್ದು" ಎಂದು ಕತ್ತರಿಸಿದ್ದರು. ಬೋಟನ್ನು ಮೇಲಕ್ಕೆ ಎಳೆದು ಕಂಡಾಗ ಸತುವಿನ ಗಟ್ಟಿ ಹೊಸದರ ಹಾಗೆ ಇತ್ತು, ಚುಕ್ಕಾಣಿಯ ಬೋಲ್ಟು ಬೆರಳಿಗೆ ಪುಡಿಯಾಗುವಂತಿತ್ತು.

ನಾವು ಹುಡುಕಿದ ಕ್ರಮ

ಹಳೆ ಬೋಟು ಕೊಳ್ಳುವ ಸದಸ್ಯರಿಗೆ ಅನುಕೂಲವಾಗಲೆಂದು ಕ್ರಮವನ್ನು ಸಂಕ್ಷೇಪವಾಗಿ ಬರೆಯುತ್ತೇವೆ.

ಮೊದಲನೆಯದಾಗಿ, ದಡದ ಕರೆಂಟು, ಜನರೇಟರ್, ಇನ್ವರ್ಟರ್ ಎಲ್ಲ ಬಂದ್ ಮಾಡಿ, ಬ್ಯಾಟರಿಯ ವಯರು ಕಳಚಬೇಕು. ಆ ಹೊತ್ತು ತಳದ ನೀರು ನೋಡಲು ಒಬ್ಬರು ಬೋಟಿನಲ್ಲೇ ಇರಬೇಕು. ಎರಡನೆಯದಾಗಿ, ಏನನ್ನೂ ಬಿಚ್ಚುವ ಮೊದಲು ಫೋಟೋ ತೆಗೆದು, ಪ್ರತಿ ವಯರಿಗೂ ಒಂದು ನಂಬರು ಕಟ್ಟಬೇಕು. ಮೂರನೆಯದಾಗಿ, ಕೈಯಿಂದ ಮುಟ್ಟುತ್ತಾ ಎಷ್ಟು ದೂರ ಹೋಗುತ್ತದೋ ಅಷ್ಟು ದೂರ ಹಿಂಬಾಲಿಸಬೇಕು. ಹಲಗೆಯ ಹಿಂದೆ ಮಾಯವಾದರೆ, ಒಂದು ಉದ್ದ ವಯರನ್ನು ಸೇರಿಸಿ ಮೀಟರಿನಿಂದ ಇನ್ನೊಂದು ತುದಿ ಪತ್ತೆ ಮಾಡಬೇಕು.

ನಾಲ್ಕನೆಯದಾಗಿ, ಬ್ಯಾಟರಿಯ ವಯರೆಂದು ಖಾತ್ರಿಯಾದ್ದಕ್ಕೆ ಕರೆಂಟು ಕೊಟ್ಟು ನೋಡುವಾಗ ನೇರ ಕೊಡಬಾರದು. ನಡುವೆ 12 ವೋಲ್ಟಿನ 21 ವ್ಯಾಟ್ ಬಲ್ಬು ಸೇರಿಸಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿಯುತ್ತದೆ, ಅಷ್ಟೆ. ಎರಡು ಆಂಪಿಯರಿಗಿಂತ ಹೆಚ್ಚು ಹರಿಯದೆ ಇರುವುದರಿಂದ ಬೆಂಕಿ ಹತ್ತುವುದಿಲ್ಲ. 24 ವೋಲ್ಟಿಗೆ ಅದೇ ವೋಲ್ಟಿನ ಬಲ್ಬು ಬೇಕು. ಐದನೆಯದಾಗಿ, ಸತ್ತ ವಯರೆಂದು ತಿಳಿದರೆ ಎರಡೂ ತುದಿ ಬಿಚ್ಚಿ ಪೂರ್ತಿ ಹೊರಗೆ ತೆಗೆಯಬೇಕು. ಅರ್ಧ ಕತ್ತರಿಸಿ ಬಿಟ್ಟದ್ದು ಮುಂದಿನವನಿಗೆ ಹೊಸ ಒಗಟು. ಕೊನೆಯದಾಗಿ, ದಡದ ಕರೆಂಟು ತರುವ ಬೋಟಿಗೆ 30 ಮಿಲಿ ಆಂಪಿಯರಿನ ಇ.ಎಲ್.ಸಿ.ಬಿ. ಹಾಕಿಸಿ, 230 ವೋಲ್ಟಿನ ಕೆಲಸವನ್ನು ಲೈಸೆನ್ಸ್ ಇರುವವರಿಂದಲೇ ಮಾಡಿಸಬೇಕು.

ಲೆಕ್ಕ ಒಪ್ಪಿಸುವುದಾದರೆ, ಗುರುತಿಲ್ಲದ 29 ವಯರುಗಳಲ್ಲಿ 11 ಬೇಕಾದವೇ ಆಗಿದ್ದವು, 17 ಸತ್ತವು. ಒಂದು ಮಾತ್ರ ಎಷ್ಟು ಹುಡುಕಿದರೂ ಗೊತ್ತಾಗಲಿಲ್ಲ. ಅದರ ತುದಿಯನ್ನು ಭದ್ರವಾಗಿ ಮುಚ್ಚಿ 'ತಿಳಿಯದು' ಎಂಬ ಚೀಟಿ ಕಟ್ಟಿದ್ದೇವೆ. ಚೀಟಿ ಇವತ್ತಿಗೂ ಹಾಗೇ ಇದೆ.

ವಯರು ಪುಸ್ತಕ

ಆ ವರ್ಷದ ಆಗಸ್ಟಿನಲ್ಲಿ ಬೋಟು ಕಡಲಿಗಿಳಿಯಿತು. ಅದಾದ ಮೇಲಿನ ಆಡಳಿತ ಮಂಡಳಿ ಸಭೆಯಲ್ಲಿ ಒಂದು ಮಾತು ಬಂತು. ಸಂಘ ಸಾಲ ಕೊಡುವಾಗ ಬೋಟಿನ ನೋಂದಣಿ, ವಿಮೆ, ಜಾಮೀನು ಎಲ್ಲ ನೋಡುತ್ತದೆ. ಬೋಟಿನ ಒಳಗೆ ಏನಿದೆ ಎಂದು ಯಾರು ನೋಡುತ್ತಾರೆ? ಆಗ ಒಂದು 200 ಪುಟದ ನೋಟ್ ಬುಕ್ಕು ತಂದು, ಪ್ರತಿ ಬೋಟಿಗೆ ಎರಡು ಪುಟ ಎಂದು ಬಿಟ್ಟೆವು. ಯಾವ ನಂಬರಿನ ವಯರು ಎಲ್ಲಿಂದ ಎಲ್ಲಿಗೆ, ಎಷ್ಟು ವೋಲ್ಟು, ಎಷ್ಟರ ಫ್ಯೂಸು, ಯಾವಾಗ ಹಾಕಿದ್ದು, ಯಾರು ಹಾಕಿದ್ದು. ಬೋಟು ಮಾರಿದರೆ ಆ ಪುಟದ ಪ್ರತಿ ಬೋಟಿನ ಜೊತೆ ಹೋಗಬೇಕು.

ಇದರ ಅಗತ್ಯ ಮುಂದೆ ಇನ್ನೂ ಹೆಚ್ಚು. 2008ರ ನವೆಂಬರ್ 26ರ ಮುಂಬಯಿ ದಾಳಿಗೆ ಪೋರಬಂದರದ 'ಕುಬೇರ್' ಎಂಬ ಮೀನುಗಾರಿಕಾ ಬೋಟನ್ನೇ ಅಪಹರಿಸಿ ಬಳಸಿದ ಮೇಲೆ ನಮ್ಮ ಬೋಟುಗಳಿಗೆ ನೋಂದಣಿ, ಬಣ್ಣ, ಗುರುತಿನ ಚೀಟಿ ಎಲ್ಲ ಬಿಗಿಯಾದವು. 2024ರ ಆಗಸ್ಟಿನಲ್ಲಿ ದೇಶದ ಒಂದು ಲಕ್ಷ ಬೋಟುಗಳಿಗೆ ಇಸ್ರೋ ತಯಾರಿಸಿದ ಟ್ರಾನ್ಸ್‌ಪಾಂಡರ್ ಕೊಡುವ ಯೋಜನೆಗೆ ಚಾಲನೆಯಾಯಿತು. ಉಪಗ್ರಹದ ಮೂಲಕ ಬೋಟು ಎಲ್ಲಿದೆ ಎಂದು ತಿಳಿಯುತ್ತದೆ, ಕಷ್ಟದಲ್ಲಿದ್ದರೆ ದಡಕ್ಕೆ ಸಂದೇಶ ಕಳಿಸಬಹುದು. ಬಹಳ ಒಳ್ಳೆಯದೇ. ಆದರೆ ಅದಕ್ಕೂ ಒಂದು ವಯರು ಬೇಕು. ನಾಳೆ ಯಾರೋ ಹುಡುಗ ಪ್ಲೇಯರ್ ಹಿಡಿದು, "ಇದೆಂತದು, ಉರಿಯುವುದಿಲ್ಲವಲ್ಲ" ಎಂದು ಕತ್ತರಿಸಬಾರದು.

ನೋಟ್ ಬುಕ್ಕು ಸಂಘದ ಕಚೇರಿಯಲ್ಲಿ, ಸಾಲದ ಕಡತಗಳ ಪಕ್ಕದ ಕಪಾಟಿನಲ್ಲಿ ಇದೆ. ಇನ್ನೂ ಖಾಲಿ ಪುಟಗಳು ಬಹಳ ಇವೆ. ಬೆಳ್ಳಿಹಬ್ಬದ ನೆನಪಿಗೆ ಸದಸ್ಯರು ಹೂವು, ಹಾರ ತರುವುದಕ್ಕಿಂತ ತಮ್ಮ ತಮ್ಮ ಬೋಟಿನ ಎರಡು ಪುಟ ಬರೆಸಿ ಹೋದರೆ ಸಂಘ ಅದನ್ನೇ ದೊಡ್ಡ ಉಡುಗೊರೆ ಎಂದು ತಿಳಿಯುತ್ತದೆ. ಚಿನ್ನದ ಹಬ್ಬದ ಸಂಚಿಕೆ ಬರೆಯುವವರಿಗೆ ಆಗ ಹಲಗೆ ಕಳಚುವ ಕೆಲಸ ಇರುವುದಿಲ್ಲ.